ದೊಡ್ಡಮ್ಮನ ಟ್ರಾಮು

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಚಿಕ್ಕಂದಿನಲ್ಲಿ ಮೆಟ್ಟುಕತ್ತಿಯಲ್ಲಿ ಬಂಗುಡೆ ಸೀಳುವಾಗ ಆದದ್ದಂತೆ. ಆಮೇಲೆ ಎಷ್ಟು ಸಲ ಬೆಳೆದರೂ ಅದು ಎರಡಾಗಿಯೇ ಬೆಳೆಯಿತು. ಉಪ್ಪು ಕೂತು ಕೂತು ಅಂಚು ಕಪ್ಪಾಗಿತ್ತು. ಒಣಮೀನಿನ ವ್ಯಾಪಾರ ಮಾಡುವವರ ಕೈ, ಕೇಳಬೇಕೆ. ಆದರೆ ಬೊಂಬಾಯಿ ತೋರಿಸುವ ಹೊತ್ತು ಬಂತೆಂದರೆ ಆ ಕೈಗೆ ಬೇರೆಯೇ ಮರ್ಯಾದೆ. ಮೊದಲು ಬೂದಿ ಹಾಕಿ ತಿಕ್ಕಿ ತೊಳೆಯುವುದು, ಆಮೇಲೆ ಸಾಬೂನು, ಆಮೇಲೆ ಸೆರಗಿಗೆ ಒರೆಸಿ ಮೂಗಿನ ಹತ್ತಿರ ತಂದು ವಾಸನೆ ನೋಡುವುದು. "ಹ್ಞಾಂ, ಈಗ ಅಡ್ಡಿಲ್ಲ" ಎಂದು ತಾವೇ ಅಪ್ಪಣೆ ಕೊಟ್ಟುಕೊಂಡ ಮೇಲೆ ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಿದ್ದರು.

ದೊಡ್ಡಮ್ಮ ನನಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ. ನಾವುಂದದ ಕಡಲ ಬದಿಯ ನಮ್ಮ ಕೇರಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಬೇಲಿ, ಅದೂ ಕೋಳಿ ದಾಟಿ ಬರುವಂಥ ಬೇಲಿ. ಊರೆಲ್ಲ ಅವರನ್ನು ದೊಡ್ಡಮ್ಮ ಅನ್ನುತ್ತಿತ್ತು, ನಾನೂ ಅಂದೆ. ಅವರು ತವರುಮನೆಯಲ್ಲೇ ತಂಗಿಯ ಸಂಸಾರದ ಜೊತೆ ಇದ್ದರು. ಯಜಮಾನರು ಬೊಂಬಾಯಿಯಲ್ಲಿ ಹೋಟೆಲು ಕೆಲಸದವರು. ವರ್ಷಕ್ಕೊಮ್ಮೆ ಬಂದು ಹೋಗುವುದು. ಮಾತು ಕಮ್ಮಿ, ಓದು ಬರಹ ಮೊದಲೇ ಇಲ್ಲ. ಉಳಿದ ಗಂಡಸರು ಇನ್‌ಲ್ಯಾಂಡ್ ತುಂಬ ಕತೆ ಬರೆಸಿ ಕಳಿಸುವಾಗ ಇವರು ಕಳಿಸುತ್ತಿದ್ದದ್ದು ಚಿತ್ರದ ಕಾರ್ಡು. ಹಿಂದೆ ವಿಳಾಸವನ್ನು ರೂಮಿನ ಯಾರಾದರೂ ಬರೆದುಕೊಡುತ್ತಿದ್ದರು. ಮುಂದೆ, ಚಿತ್ರದ ಮೇಲೆ, ತಾವು ಇರುವ ಜಾಗಕ್ಕೆ ಇವರೇ ಶಾಯಿಯಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. ಅಷ್ಟೇ ಅವರ ಕಾಗದ.

ಒಂದು ಕಾರ್ಡಿನಲ್ಲಿ ಅರಮನೆಯಂಥ ದೊಡ್ಡ ಕಟ್ಟಡ, ಅದರ ಮೇಲಿನ ಕಿಟಕಿಯಲ್ಲಿ ಚುಕ್ಕಿ. ಒಂದರಲ್ಲಿ ಕಡಲ ದಂಡೆ, ಕಲ್ಲಿನ ಕಟ್ಟೆಯ ಮೇಲೆ ಚುಕ್ಕಿ. ಎಲ್ಲಕ್ಕಿಂತ ಚಂದದ್ದು ಟ್ರಾಮಿನ ಕಾರ್ಡು. ಅಗಲವಾದ ರಸ್ತೆ, ಹಿಂದೆ ಗುಮ್ಮಟದ ಕಟ್ಟಡ, ಒಂದು ಕುದುರೆಗಾಡಿ, ಕೊಡೆ ಹಿಡಿದು ನಿಧಾನಕ್ಕೆ ಹೋಗುವ ಇಬ್ಬರು, ನಡುವೆ ಟ್ರಾಮು. ನಡೆಸುವವನಿಗೆ ಪಗಡಿ. ಕಿಟಕಿಯ ಬದಿಯ ಸೀಟಿನಲ್ಲಿ ನೀಲಿ ಚುಕ್ಕಿ. ದೊಡ್ಡಮ್ಮ ಸೀಳಿದ ಉಗುರಿನ ನಡುವೆ ಆ ಚುಕ್ಕಿ ಕಾಣುವ ಹಾಗೆ ಬೆರಳಿಟ್ಟು, "ಕಾಣ್, ಇಲ್ಲ್ ಕೂಕಂಡ್ ಕೆಲ್ಸಕ್ಕೆ ಹೋಪುದ್" ಎನ್ನುತ್ತಿದ್ದರು.

ಮದುವೆಯಾಗಿ ಕೆಲವು ವರ್ಷಕ್ಕೆ ಯಜಮಾನರು ಬೊಂಬಾಯಿಯಲ್ಲೇ ಕಾಮಾಲೆಯಾಗಿ ತೀರಿಕೊಂಡರು. ಅಲ್ಲೇ ಸುಟ್ಟರು. ರೂಮಿನವರಿಬ್ಬರು ಬಂದು ಅವರ ತಗಡಿನ ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು, ಕೊಟ್ಟ ಚಾ ಕುಡಿಯದೆ ಹೋದರಂತೆ. ನಾನು ಆಗ ಹುಟ್ಟಿದ್ದೆನೋ ಇಲ್ಲವೋ. ದೊಡ್ಡಮ್ಮ ನನಗೆ ಒಮ್ಮೆ, ಮೀನು ಮಗುಚುತ್ತ, ನೆಲ ನೋಡಿಕೊಂಡೇ ಹೇಳಿದ್ದರು: "ಸತ್ತದ್ದ್ ನಾ ಕಾಣ್ಲಿಲ್ಲ ಹೆಣ್ಣೇ. ಕೂತದ್ದ್ ಕಂಡಿದ್ದೆ."

ನಮ್ಮ ಕಡೆ ಬೊಂಬಾಯಿಗೆ ಹೋಗದ ಮನೆಯಿಲ್ಲ. ಹೋಗುವವರೆಲ್ಲ ಬಟ್ಟೆ ಕಟ್ಟಿದ ಮೇಲೆ ಒಮ್ಮೆ ದೊಡ್ಡಮ್ಮನ ಜಗಲಿಗೆ ಬಂದು ಹೋಗಬೇಕು. ಅವರು ಪೆಟ್ಟಿಗೆ ತೆಗೆದು ಊರು ತೋರಿಸುವರು. ಯಾವ ರಸ್ತೆ ಅಗಲ, ಎಲ್ಲಿ ಗಾಳಿ ಬರುತ್ತದೆ, ಟ್ರಾಮು ಎಲ್ಲಿ ತಿರುಗುತ್ತದೆ, ಎಲ್ಲವೂ ಅವರಿಗೆ ಗೊತ್ತು. ಕೊಲ್ಲೂರಿಗೆ ಹೋಗಿ ಬಂದದ್ದೇ ಅವರ ಜೀವಮಾನದ ದೂರದ ಪ್ರಯಾಣ. ಆದರೂ ಯಾರಾದರೂ ಅನುಮಾನ ಪಟ್ಟರೆ, "ನಾ ಕಾಣದ್ದಾ?" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಿದ್ದರು. ಬೊಂಬಾಯಿಯ ಒಂದೇ ಕೋಣೆಯಲ್ಲಿ ಸರದಿಯ ಮೇಲೆ ಮಲಗಿ ಎದ್ದು ಬಂದ ಗಂಡಸರು, ಅರಮನೆಯ ಕಿಟಕಿಯಲ್ಲಿ ಅವರ ಯಜಮಾನರ ಚುಕ್ಕಿ ನೋಡಿ ತಲೆ ಆಡಿಸಿ ಸುಮ್ಮನೆ ಕೂರುತ್ತಿದ್ದರು.

ಒಬ್ಬರು ಮಾತ್ರ ಸುಮ್ಮನಿರಲಿಲ್ಲ. ಕೇರಿಯ ತುದಿಯ ಮನೆಯವರು, ನಾನು ಮಾವ ಎಂದು ಕರೆಯುವುದು. ಆಗ ಪ್ರಾಯದ ಹುಡುಗ. ಮೊದಲ ಸಲ ಬೊಂಬಾಯಿಗೆ ಹೋಗಿ ಬಂದು ಜಗಲಿಯಲ್ಲಿ ಕೂತಿದ್ದರಂತೆ. ದೊಡ್ಡಮ್ಮ ಆಸೆಯಿಂದ, "ಟ್ರಾಮ್ ಹತ್ತಿದ್ಯಾ?" ಎಂದು ಕೇಳಿದರು. ಇವರು ಸತ್ಯ ಹರಿಶ್ಚಂದ್ರನ ಮೊಮ್ಮಗ ನೋಡಿ, "ಟ್ರಾಮಾ? ಅದ್ ನಿಲ್ಸಿ ಎಷ್ಟ್ ಕಾಲ ಆಯ್ತ್ ಅಕ್ಕಾ. ನಾ ಹೋಪತಿಗೆ ಹಳಿ ಸೈತ ಇಲ್ಲ" ಎಂದುಬಿಟ್ಟರು.

ದೊಡ್ಡಮ್ಮ ಪೆಟ್ಟಿಗೆ ಮುಚ್ಚಿ ಒಳಗೆ ಹೋದವರು ಅಂಗಳಕ್ಕೆ ಬರಲಿಲ್ಲ. ಹರಡಿದ ಮೀನು ಹರಡಿದ ಹಾಗೇ ಉಳಿದು ಕಾಗೆಗಳಿಗೆ ಹಬ್ಬವಾಯಿತು. ಊಟವಿಲ್ಲ, ಮಾತಿಲ್ಲ. ಟ್ರಾಮೇ ಇಲ್ಲವೆಂದರೆ ಅದರಲ್ಲಿ ಕೂತವರು ಎಲ್ಲಿ? ಇದನ್ನು ನನಗೆ ಹೇಳಿದ್ದು ನನ್ನ ಅಬ್ಬಿ, ಅಂದರೆ ನನ್ನ ತಾಯಿ. ಮಾವನ ತಾಯಿ ಮಗನನ್ನು ಹಿಡಿದು ಉಗಿದರಂತೆ, "ಬಾಯ್ ಮುಚ್ಕಂಡ್ ಇಪ್ಪುಕೆ ಆತಿಲ್ಯಾ ನಿಂಗೆ?" ಕೊನೆಗೆ ಮಾವ ಹೋಗಿ ಬಾಗಿಲ ಹೊರಗೆ ನಿಂತು, "ಅಕ್ಕಾ, ನಾ ತಪ್ಪ್ ಹೇಳ್ದೆ. ನಾ ಇದ್ದದ್ದ್ ಊರಿನ ಬೇರೆ ಬದಿ. ಫೋರ್ಟ್ ಬದಿಗೆ ಈಗ್ಳೂ ಓಡ್ತಿತ್ತ್ ಅಂಬ್ರ್. ಬಪ್ಪ ಸಲ ಹತ್ತಿ ಬಂದ್ ಹೇಳ್ತೆ" ಎಂದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗಂಜಿ ಬಡಿಸಿಕೊಂಡ ಸದ್ದು ಕೇಳಿತಂತೆ.

ಅಂದಿನಿಂದ ಟ್ರಾಮು ಓಡಿಸುವ ಜವಾಬ್ದಾರಿ ನಮ್ಮ ಊರಿನ ಮೇಲೆ ಬಿತ್ತು. ಬೊಂಬಾಯಿಯಿಂದ ಬಂದವರೆಲ್ಲ ಹತ್ತಿದವರೇ. ಡೊಂಬಿವಲಿಯಲ್ಲಿ ಚಹಾದ ಕ್ಯಾಂಟೀನು ಇಟ್ಟವರಿಗೆ ನನ್ನನ್ನು ಮದುವೆ ಮಾಡಿ ಕೊಟ್ಟಾಗ, ಅತ್ತೆಮನೆಯಲ್ಲಿ ಹೇಗಿರಬೇಕು ಎಂಬ ಬಗ್ಗೆ ಅಬ್ಬಿ ಹೇಳಿದ್ದು ಎರಡೇ ಮಾತು. ಟ್ರಾಮಿನ ಬಗ್ಗೆ ಹೇಳಿದ್ದು ಅದಕ್ಕಿಂತ ಹೆಚ್ಚು. "ದೊಡ್ಡಮ್ಮ ಕೇಂಡ್ರೆ ಹತ್ತಿದೆ ಅಂದೇಳಿ ಹೇಳ್. ತಡ್ವರ್ಸಬೇಡ."

ಮೊದಲ ಸಲ ಊರಿಗೆ ಬಂದಾಗ ನಾನು ತಯಾರಾಗಿಯೇ ಹೋಗಿದ್ದೆ. ಆದರೆ ದೊಡ್ಡಮ್ಮ ಹತ್ತಿದೆಯಾ ಎಂದು ಕೇಳಲೇ ಇಲ್ಲ. "ಆ ಪಗಡಿಯವ ಇದ್ನಾ?" ಎಂದು ಕೇಳಿದರು. "ಇಲ್ಲ ದೊಡ್ಡಮ್ಮ, ಬೇರೆ ಯಾರೋ ಸಣ್ಣ ಪ್ರಾಯದವ" ಎಂದೆ. ಅವರು ಕಾರ್ಡು ಹತ್ತಿರ ಹಿಡಿದು ಆ ಮನುಷ್ಯನನ್ನು ನೋಡಿದರು. "ವಯಸ್ಸಾಯ್ತ್ ಕಾಣ್ತ್. ಪಾಪ, ನಿತ್ಕಂಡೇ ಮಾಡು ಕೆಲ್ಸ" ಎಂದು ಮರುಗಿದರು. ನನ್ನ ಹಾಗೆ ಒಬ್ಬೊಬ್ಬರೂ ಒಂದೊಂದು ಸೇರಿಸಿದರು. ಒಂದು ವರ್ಷ ಯಾರೋ ಟ್ರಾಮಿಗೆ ಫ್ಯಾನು ಹಾಕಿಸಿದರು. ಇನ್ನೊಬ್ಬರು ಹೊಸ ಬಣ್ಣ ಹೊಡೆಸಿದರು. ಬಣ್ಣ ಯಾವುದೆಂದು ಇಬ್ಬರಲ್ಲಿ ಜಟಾಪಟಿಯಾಗಿ ದೊಡ್ಡಮ್ಮನೇ ಪಂಚಾಯಿತಿ ಮಾಡಬೇಕಾಯಿತು.

ಇದರಲ್ಲಿ ನನ್ನದೂ ಒಂದು ಹುಚ್ಚಿದೆ. ನಾನು ಇದ್ದ ಮುಂಬೈಯಲ್ಲಿ ಲೋಕಲ್ ರೈಲಿನಲ್ಲಿ ನಿಲ್ಲಲು ಒಂದು ಕಾಲಿಗೆ ಜಾಗ ಸಿಕ್ಕಿದರೆ ಪುಣ್ಯ. ಅದನ್ನು ಬಿಟ್ಟು ಊರಿಗೆ ಬಂದವಳು, ಚೀಲ ಇಟ್ಟ ಕೂಡಲೇ ಓಡುತ್ತಿದ್ದದ್ದು ಮತ್ತೆ ಬೊಂಬಾಯಿ ನೋಡಲಿಕ್ಕೆ. ಕೊಡೆ ಹಿಡಿದು ನಿಧಾನಕ್ಕೆ ಹೋಗುವ ಆ ಇಬ್ಬರು, ಯಾರಿಗೂ ಯಾರ ಮೈಯೂ ತಾಗದ ಆ ರಸ್ತೆ. ನನಗೆ ಅಲ್ಲಿಗೆ ಹೋಗಬೇಕು ಅನ್ನಿಸುತ್ತಿತ್ತು. ಅದೇ ಊರಿನಲ್ಲಿ ಸಂಸಾರ ಮಾಡಿಕೊಂಡು, ಅದೇ ಊರಿಗಾಗಿ ಒಣಮೀನಿನ ಜಗಲಿಯಲ್ಲಿ ಕೂತು ಹಂಬಲಿಸಿದವಳು ನಾನು. ಯಾರಿಗಾದರೂ ಹೇಳಿದರೆ ನಕ್ಕಾರು.

ಕೆಲವು ವರ್ಷದ ಹಿಂದೆ ದೊಡ್ಡಮ್ಮನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದೂ ಹೆಚ್ಚು ಸಮಯ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಊರಿಗೆ ಬಂದಿದ್ದಾಗ ಬೇಲಿಯ ಹತ್ತಿರ ಕರೆದು, ಸೆರಗಿನ ತುದಿ ತಿರುವುತ್ತ ಹೇಳಿದರು:

"ಒಂದ್ ಸಲ ನನ್ನ ಕರ್ಕಂಡ್ ಹೋಗ್. ಈ ಕಣ್ಣ್ ಹೋಪುದ್ರೊಳ್ಗೆ, ಅವ್ರ್ ಕೂತಲ್ಲ್ ನಾ ಒಂದ್ ಗಳ್ಗಿ ಕೂರ್ಬೇಕ್. ಮತ್ತೆಂತದೂ ಬ್ಯಾಡ."

ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ನಾನು ಹ್ಞೂಂ ಎಂದೆ. ಎಂದ ಮೇಲೆ ಟ್ರಾಮಿಲ್ಲವೆಂಬುದು ನೆನಪಾಯಿತು.

ಸುದ್ದಿ ಕೇರಿಗೆಲ್ಲ ಹಬ್ಬಿ, ಸಂಜೆಗೆ ನಮ್ಮ ಮನೆಯಲ್ಲಿ ಜನ ಸೇರಿದರು. ಮುಷ್ಕರ ಎಂದು ಹೇಳು ಎಂದರು ಒಬ್ಬರು. ರಿಪೇರಿಗೆ ಹೋಗಿದೆ ಎನ್ನು ಎಂದರು ಇನ್ನೊಬ್ಬರು. ಕಣ್ಣು ಹೇಗೂ ಮಂಜು, ಎರಡಂತಸ್ತಿನ ಬಸ್ಸು ಹತ್ತಿಸಿ ಇದೇ ಈಗಿನ ಟ್ರಾಮು ಎಂದರಾಯಿತು ಎಂಬ ಬುದ್ಧಿವಂತರೂ ಇದ್ದರು. ಮಾವ ಮೂಲೆಯಲ್ಲಿ ಕೂತಿದ್ದವರು ಕೊನೆಗೆ, "ಕರ್ಕಂಡ್ ಹೋಪುದೇ ಬ್ಯಾಡ ಮಗಾ. ಒಂದ್ ಸಲ ಉಪಾಸ ಬಿದ್ದದ್ದ್ ನಾ ಕಂಡಿದ್ದೆ" ಎಂದರು. ನನಗೆ ಸಿಟ್ಟು ಬಂತು. ಕಣ್ಣು ಹೋದ ಮೇಲೆ ಅವರನ್ನು ಕರೆದುಕೊಂಡು ಹೋಗಿ ನಾನು ಏನು ತೋರಿಸಲಿ ಎಂದು ಕೇಳಿದೆ. ಬೈಂದೂರಿನಿಂದ ರೈಲು ಹತ್ತಿಸಿಕೊಂಡು ಹೋದೆ.

ಒಂದು ಆದಿತ್ಯವಾರ ಬೆಳಿಗ್ಗೆ ಫೋರ್ಟಿಗೆ ಹೋದೆವು. ದೊಡ್ಡಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಪೆಟ್ಟಿಗೆ ಬಟ್ಟೆಯ ಚೀಲದಲ್ಲಿ, ಚೀಲ ಎದೆಯ ಹತ್ತಿರ. ಒಂದು ತಿರುವಿನಲ್ಲಿ ಅವರೇ ನಿಂತರು. ಕಾರ್ಡು ತೆಗೆದು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದರು. ಎದುರಿಗೆ ಗುಮ್ಮಟದ ಕಟ್ಟಡ ಇತ್ತು. ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇನೆ, ನಾನು ಒಮ್ಮೆಯೂ ಗುರುತಿಸಿರಲಿಲ್ಲ.

"ಅದೇ ಅಲ್ದಾ?" ಎಂದರು. "ಊರ್ ಹಂಗೇ ಇತ್ತ್. ಬಣ್ಣ ಮಾತ್ರ ಹೋಯ್ತ್."

ಆಮೇಲೆ ಫುಟ್‌ಪಾತಿನ ಅಂಚಿನಲ್ಲಿ ರಸ್ತೆಗೆ ಮುಖ ಮಾಡಿ ನಿಂತರು. ನಾನು ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದೆ. "ಇವತ್ತ್ ಆದಿತ್ಯವಾರ ದೊಡ್ಡಮ್ಮ, ಟ್ರಾಮಿಗೆ ರಜೆ ಕಾಣ್ತ್." ಅವರು, "ಬತ್ತ್, ನಿಲ್" ಎಂದರು. ಬಸ್ಸು ಹೋಯಿತು, ಟ್ಯಾಕ್ಸಿಗಳು ಹೋದವು. ಪ್ರತಿ ಸದ್ದಿಗೂ ಅವರು ತಲೆ ತಿರುಗಿಸಿ ನೋಡುತ್ತಿದ್ದರು. ಕೊನೆಗೆ ಬಗ್ಗಿ ರಸ್ತೆಯನ್ನೇ ನೋಡಿ ಮೆಲ್ಲಗೆ ಕೇಳಿದರು:

"ಹಳಿ ಕಾಣ್ತಿಲ್ಲ. ನನ್ ಕಣ್ಣಿಗಾ, ಅಲ್ಲ ಇಲ್ವಾ?"

ನೀರು ಕುಡಿಯುವ ಬನ್ನಿ ಎಂದು ಕೈ ಹಿಡಿದು ಹಿಂದಕ್ಕೆ ಎಳೆದೆ. ಅಲ್ಲಿ ಹಳೆಯ ಪುಸ್ತಕ ಮಾರುವವರ ಸಾಲು ಇತ್ತು. ಕಟ್ಟಡದ ಗೋಡೆಗೆ ಒರಗಿ ಕೂತ ಒಬ್ಬ ಮುದುಕರ ಮುಂದೆ ಒಂದು ಡಬ್ಬ. ಅದರ ತುಂಬ ಹಳೆಯ ಚಿತ್ರದ ಕಾರ್ಡು. ನಾನು ನೋಡುವ ಮೊದಲೇ ದೊಡ್ಡಮ್ಮ ನೋಡಿದರು. ಮೇಲಿನದೇ ಟ್ರಾಮಿನದ್ದು. ಅದರ ಹಿಂದೆ ಇನ್ನೊಂದು ಅದೇ, ಅದರ ಹಿಂದೆ ಮತ್ತೊಂದು. ಅದೇ ಪಗಡಿಯವ, ಅದೇ ಕೊಡೆಯವರು. ಚುಕ್ಕಿ ಮಾತ್ರ ಇಲ್ಲ. ದೊಡ್ಡಮ್ಮ ತಮ್ಮದನ್ನು ತೆಗೆದು ಪಕ್ಕದಲ್ಲಿ ಹಿಡಿದರು.

ಅಂಗಡಿಯ ಮುದುಕರು ಅವರ ಕಾರ್ಡು, ಅದರ ಹಿಂದಿನ ಅಂಚೆ ಮುದ್ರೆ ನೋಡಿ ಖುಷಿಯಾಗಿ ಹಿಂದಿಯಲ್ಲಿ ಏನೇನೋ ಹೇಳತೊಡಗಿದರು. ದೊಡ್ಡಮ್ಮನಿಗೆ ಹಿಂದಿ ಬಾರದು. "ಎಂತ ಹೇಳ್ತ್ರ್ ಅವ್ರ್?" ಎಂದು ನನ್ನ ಮುಖ ನೋಡಿದರು. ಒಂದೇ ಟ್ರಾಮು ಡಬ್ಬದಲ್ಲಿ ಅಷ್ಟೊಂದು ನಿಂತಿರುವಾಗ ನಾನು ಯಾವ ಮುಷ್ಕರದ ಕತೆ ಹೇಳಲಿ. ಮುದುಕರು ಹೇಳಿದ್ದನ್ನೇ ಹೇಳಿದೆ. ಇವು ಬಿಳಿಯರ ಕಾಲದ ಚಿತ್ರ, ನಿಮ್ಮ ಯಜಮಾನರು ಹುಟ್ಟುವ ಮೊದಲಿನದು. ಅವರು ಈ ಊರಿಗೆ ಬರುವಷ್ಟರಲ್ಲಿ ಟ್ರಾಮು ನಿಂತುಹೋಗಿತ್ತು. ಈ ಹಳೆಯ ಕಾರ್ಡುಗಳನ್ನು ಆಗ ಇವರ ಅಪ್ಪ ಇಲ್ಲಿ ಕೂತು ಮಾರುತ್ತಿದ್ದರು. ಹೊಸದಕ್ಕಿಂತ ಅಗ್ಗ ಎಂದು ಬರೆಯಲು ಬಾರದ ಕೆಲವು ಹೋಟೆಲು ಹುಡುಗರು ಊರಿಗೆ ಕಳಿಸಲು ಇದನ್ನೇ ಕೊಳ್ಳುತ್ತಿದ್ದರಂತೆ.

ದೊಡ್ಡಮ್ಮ ತಮ್ಮ ಕಾರ್ಡನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದರು.

"ಹಂಗಾರೆ ಊರಿನವ್ರೆಲ್ಲ?"

"ಹ್ಞೂಂ."

"ನೀನೂ?"

"ಹ್ಞೂಂ, ದೊಡ್ಡಮ್ಮ."

"ಇಷ್ಟ್ ವರ್ಷ ಒಬ್ರಿಗೂ ಬಾಯ್ ಬರ್ಲಿಲ್ಯಾ?" ಎಂದು ಮುಖ ಆ ಕಡೆ ತಿರುಗಿಸಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಇಷ್ಟು ವರ್ಷ ಊರೆಲ್ಲ ಸೇರಿ ಕಾಪಾಡಿದ್ದನ್ನು ನಾನೇ ತಂದು ಒಡೆದೆನಲ್ಲ ಎಂದು ನನಗೆ ಅಳು ಬಂತು. ಮನೆಗೆ ಹೋಗುವ ಎಂದೆ. ಅವರು ಅಲುಗಲಿಲ್ಲ. ಆಮೇಲೆ ತಿರುಗಿ, ಬೇರೆಯೇ ದನಿಯಲ್ಲಿ ಕೇಳಿದರು:

"ಅವ್ರ್ ಅಪ್ಪ ಮಾರ್ತಿದ್ದದ್ದ್ ಇಲ್ಲೇ ಅಂದ್ರಾ? ಇದೇ ಜಾಗವಾ? ಸಮಾ ಕೇಳ್."

ಕೇಳಿದೆ. ಮುದುಕರು ತಾವು ಕೂತ ಕಲ್ಲನ್ನು ತಟ್ಟಿ, ಇದೇ ಎಂದರು.

"ತಕಂಬವ್ರ್ ಎಲ್ಲ್ ನಿಲ್ತಿದ್ರಂಬ್ರ್?"

ನಿಲ್ಲುವುದೆಲ್ಲಿ, ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತು ಹುಡುಕಬೇಕು ಎಂದು ಮುದುಕರು ದೊಡ್ಡಮ್ಮನ ಕಾಲಬುಡ ತೋರಿಸಿದರು.

ದೊಡ್ಡಮ್ಮ ಚಪ್ಪಲಿ ಬಿಟ್ಟರು. ಮಂಡಿ ನೋವಿನವರು, ನನ್ನ ಭುಜ ಹಿಡಿದು ಮೆಲ್ಲಗೆ ಬಗ್ಗಿ, ಆ ಸೀರೆಯಲ್ಲೇ ಫುಟ್‌ಪಾತಿನ ಮೇಲೆ ಕೂತರು. ಜನ ಅವರನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅವರು ಕೈಯನ್ನು ಸೆರಗಿಗೆ ಒರೆಸಿ ಕಾರ್ಡುಗಳನ್ನು ಒಂದೊಂದಾಗಿ ಮಗುಚತೊಡಗಿದರು. ಬಹಳ ಕಾರ್ಡಿತ್ತು. ಇಕ್ಕಟ್ಟಿನ ಗಲ್ಲಿಯ ಚಿತ್ರ, ಕೂಲಿಗಳ ಚಿತ್ರ, ಹೊಗೆ ಕಾರುವ ಮಿಲ್ಲಿನ ಚಿತ್ರ. ಅವನ್ನೆಲ್ಲ ದಾಟಿ ಅರಮನೆಯ ಚಿತ್ರ ಬಂದಾಗ ಬೆರಳು ನಿಂತಿತು. ಕಡಲ ದಂಡೆ ಬಂದಾಗ ಮತ್ತೆ ನಿಂತಿತು.

"ಕಾಣ್" ಎಂದರು ನನಗೆ. "ಇಷ್ಟ್ರಲ್ಲ್ ಹುಡ್ಕಿ ಚಂದದ್ದೇ ತೆಗ್ದಿರ್. ಅವ್ರ್ ಇಪ್ಪ ಊರ್ ಚಂದ ಇರ್ಲಿಲ್ಲ ಕಾಣ್ತ್. ನಂಗೆ ಅಂದೇಳಿ ಚಂದದ ಊರ್ ಹುಡ್ಕಿರ್."

ನಾನು ಜನರಿಗೆ ಬೆನ್ನು ಮಾಡಿ ಅತ್ತೆ. ದೊಡ್ಡಮ್ಮ ಅಳಲಿಲ್ಲ. ಅಂಗಡಿಯವರು ತರಿಸಿಕೊಟ್ಟ ಚಾ ಕುಡಿದರು. ಬಿಸಿಲು ಕಟ್ಟಡದ ಆಚೆ ದಾಟುವವರೆಗೆ ಅಲ್ಲೇ ಕೂತಿದ್ದರು. ಏಳುವಾಗ ಅಂಗೈಯನ್ನು ನೆಲಕ್ಕೆ ಒತ್ತಿ ಎದ್ದರು.

ಊರಿಗೆ ಬಂದ ಸಂಜೆ ಕೇರಿಯೆಲ್ಲ ಅವರ ಜಗಲಿಯಲ್ಲಿ ಸೇರಿತ್ತು. ಕೇಳಲು ಯಾರಿಗೂ ಧೈರ್ಯವಿಲ್ಲ. ಒಬ್ಬರು ರೈಲು ಸರಿ ಸಮಯಕ್ಕೆ ಬಂತಾ ಎಂದರು. ಇನ್ನೊಬ್ಬರು ಸೆಖೆ ಇತ್ತಾ ಎಂದರು. ಮಾವ ಕಂಬ ಹಿಡಿದು ನಿಂತಿದ್ದರು. ಕೊನೆಗೆ ಅವರೇ, "ಹ್ಯಾಂಗಿತ್ತ್ ಅಕ್ಕಾ ಬೊಂಬಾಯಿ?" ಎಂದರು.

ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತ, "ಲಾಯ್ಕಿತ್ತ್. ಟ್ರಾಮ್ ಹತ್ತಿದೆ" ಎಂದರು.

ಮಡಚಿದ ಎಲೆ ಬಾಯಿಗಿಟ್ಟು ಮುಂದುವರಿಸಿದರು:

"ಕಿಟ್ಕಿ ಬದಿ ಸೀಟೇ ಸಿಕ್ತ್. ಪಗಡಿಯವ ಇಲ್ಲ, ಅವ್ನ ಮಗ ಈಗ. ಗಾಳಿ ಅಂದ್ರೆ ಗಾಳಿ. ನೀವ್ ಫ್ಯಾನ್ ಇತ್ತ್ ಅಂದ್ರ್ಯಲೆ, ಬೇಕಂದೇ ಇಲ್ಲ."

ಊರಿನ ಅಷ್ಟೂ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಇಲ್ಲದ ಟ್ರಾಮನ್ನು ಹತ್ತಿ ಇಳಿದವರೇ ಎಲ್ಲ, ಈಗ ಇಲ್ಲ ಎನ್ನಲು ಯಾರಿಗೆ ಬಾಯಿದೆ. ನಾನು ಚೀಲ ಬಿಚ್ಚುವ ನೆಪದಲ್ಲಿ ಒಳಗೆ ಹೋದೆ.

ಎಲ್ಲರೂ ಹೋದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅಂದಿನ ಸಿಟ್ಟು ಮುಖದಲ್ಲಿ ಎಲ್ಲಿಯೂ ಇರಲಿಲ್ಲ.

"ಪಾಪ, ಅಷ್ಟೂ ಜನ ಸೇರಿ ಇಷ್ಟ್ ವರ್ಷ ಓಡ್ಸಿರ್" ಎಂದರು. "ನಾ ಒಬ್ಳ್ ಎಂತಕೆ ನಿಲ್ಸುದ್?"

ಉಳಿದ ಕಣ್ಣೂ ಆ ವರ್ಷವೇ ಹೋಯಿತು. ಆಮೇಲೂ ಬೊಂಬಾಯಿಗೆ ಹೊರಟವರು ಜಗಲಿಗೆ ಬರುತ್ತಿದ್ದರು. ಈಗ ಅವರು ಹೇಳುತ್ತಿದ್ದದ್ದು ತಾವು ಕಂಡ ಊರು, ಯಾರ ಹಂಗೂ ಇಲ್ಲದೆ. ನಾನು ಹೋದಾಗ ಮಾತ್ರ ಬೇರೆ. "ಆ ಮುದ್ಕರ್ ಇದ್ರಾ?" ಎಂದು ಮೆಲ್ಲಗೆ ಕೇಳುವರು. ಇದ್ದರು ಎಂದರೆ, "ಡಬ್ಬಿ?" ಎನ್ನುವರು. ನಾನು ಫೋರ್ಟಿಗೆ ಹೋದಾಗಲೆಲ್ಲ ಡಬ್ಬದ ಮುಂದೆ ಸ್ವಲ್ಪ ಹೊತ್ತು ಕೂತು ಬರುವುದು ಅಭ್ಯಾಸವಾಗಿತ್ತು. ಆ ಜನಜಂಗುಳಿಯಲ್ಲಿ ಕೂತುಕೊಳ್ಳಲು ನನಗೊಂದು ಜಾಗ ಇದೆ ಎಂದು ಅನ್ನಿಸಿದ್ದು ಅವರಿಂದ. ಮೂವತ್ತು ವರ್ಷ ಇದ್ದ ಊರು ನನ್ನದು ಅನ್ನಿಸಿದ್ದೂ ಹಾಗೆಯೇ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಉತ್ತರಕ್ರಿಯೆಯ ದಿನ, ಬೊಜ್ಜದ ಊಟಕ್ಕೆ ಇ‌ದ್ದೆ. ಎಲೆ ಹಾಕುವ ಹೊತ್ತಿಗೆ ಮಾವ ಬಂದು ನನ್ನ ಪಕ್ಕ ನಿಂತರು. ಕೋಲು ಹಿಡಿದಿದ್ದರು, ಬೆನ್ನು ಬಾಗಿತ್ತು.

"ಮಗಾ, ಇಷ್ಟ್ ದಿನ ಕೇಂಬುಕೆ ಧೈರ್ಯ ಆಯ್ಲಿಲ್ಲ. ಅಕ್ಕ ಅಲ್ಲ್ ಹತ್ತಿದ್ದ್ ಎಂತದ್ದ್?"

ಅವರ ಮುಖ ನೋಡಿದೆ. ಪ್ರಾಯದಲ್ಲಿ ಒಮ್ಮೆ ನಿಜ ಹೇಳಿದ್ದಕ್ಕೆ ಇಷ್ಟು ವರ್ಷ ಒಳಗೊಳಗೇ ಬೆಂದ ಮನುಷ್ಯ.

"ಟ್ರಾಮೇ ಮಾವ" ಎಂದೆ. "ನಾನೂ ಒಟ್ಟಿಗೆ ಇದ್ದಿದ್ದೆ."

ಅವರು ಕೋಲನ್ನು ಗೋಡೆಗೆ ಒರಗಿಸಿದರು. "ಹಂಗಾರ್ ಸೈ" ಎಂದು ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಂಡು ಊಟಕ್ಕೆ ಕೂತರು.